ಬಂಗಲೆ ನೋಡೋಕೆ ಹೋಗೋದಾದ್ರೆ ಹಿತ್ತಲನ್ನೂ ನೋಡಿ ಬನ್ನಿ

ನಮ್ಮ ವಾಚನಾಲಯದ ಬಾಗಿಲಿಗೆ ಮೊನ್ನೆ ಒಂದು ಚೀಟಿ ಅಂಟಿಸಿದ್ದಾರೆ. ಬರುವ ರಜೆಯಲ್ಲಿ ಕೊಂಬೈ ಮಕ್ಕಳನ್ನೂ ದೊಡ್ಡವರನ್ನೂ ಬೆಂಗಳೂರಿಗೆ ಕರ್ಕೊಂಡು ಹೋಗ್ತಾರಂತೆ. ‘ವಿಕ್ಟೋರಿಯ ಮಹಾರಾಣಿ ಕಾಲದ ಬೆಂಗಳೂರು ದಂಡು ಪ್ರದೇಶದ ದರ್ಶನ’ ಅಂತ ಮೇಲೆ ದಪ್ಪ ಅಕ್ಷರದಲ್ಲಿದೆ. ಕೆಳಗೆ ಪಟ್ಟಿ: ಒಂದೇ ದಿನಕ್ಕೆ ಹನ್ನೊಂದು ಜಾಗ. ಅದರಲ್ಲಿ ಎರಡು ಮಾಲು, ಒಂದು ಮೆಟ್ರೊ ಸವಾರಿ. ಏಸಿ ಬಸ್ಸು. ತಲೆಗೆ 2,400 ರೂಪಾಯಿ. ಹೆಣ್ಣುಮಕ್ಕಳ ವಿಚಾರ ಆಮೇಲೆ ಹೇಳ್ತೀವಿ ಅಂತ ಕೊನೆಗೆ ಒಂದು ಸಾಲು.

ಚೀಟಿ ಪೂರ್ತಿ ತಮಿಳಿನಲ್ಲಿದೆ. ಅದನ್ನು ತಪ್ಪು ಅಂತ ನಾನು ಹೇಳೋದಿಲ್ಲ. ಕನ್ನಡದಲ್ಲಿ ಬರೆದಿದ್ದರೆ ನಮ್ಮೂರಲ್ಲಿ ಓದುವವರು ಎಷ್ಟು ಮಂದಿ? ಮನೆಯಲ್ಲಿ ಕನ್ನಡ ಮಾತಾಡ್ತೀವಿ, ಶಾಲೆಯಲ್ಲಿ ತಮಿಳು ಕಲಿತೀವಿ. ಮಾತು ನಾಲಿಗೆ ಮೇಲಿದೆ, ಅಕ್ಷರ ಕಣ್ಣಿಗೆ ಗೊತ್ತಿಲ್ಲ. ಈ ಪುಸ್ತಕವನ್ನೇ ತೆಗೆದುಕೊಳ್ಳಿ, ಓದಬಲ್ಲವರು ಓದಲಾರದವರಿಗೆ ಓದಿ ಹೇಳಬೇಕು. ಅದಕ್ಕೇ ಈ ಪ್ರವಾಸದ ವಿಚಾರದಲ್ಲಿ ನನಗೆ ಸುಮ್ಮನೆ ಕೂರೋಕೆ ಆಗಲಿಲ್ಲ. ಹೋಗಬೇಡಿ ಅಂತ ನಾನು ಬರೀತಿಲ್ಲ, ಖಂಡಿತ ಹೋಗಬೇಕು. ಆದರೆ ಹೀಗೆ ಹೋಗಬಾರದು.

ನನಗೇನು ಹಕ್ಕು ಅಂತ ಕೇಳಬಹುದು. ಹದಿನೆಂಟನೇ ವಯಸ್ಸಿಗೆ ಊರು ಬಿಟ್ಟು ಶಿವಾಜಿನಗರದ ಒಂದು ಕಿರಾಣಿ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಮೂಟೆ ಹೊತ್ತವನು, ಪೊಟ್ಟಣ ಕಟ್ಟಿದವನು ನಾನು. ಕನ್ನಡ ಅಕ್ಷರವನ್ನು ಯಾವ ಮೇಷ್ಟ್ರೂ ನನಗೆ ಕಲಿಸಲಿಲ್ಲ. ಸಿಟಿ ಬಸ್ಸಿನ ಹಣೆ ಮೇಲಿನ ಬೋರ್ಡು ನೋಡಿ ನೋಡಿ ಕಲಿತೆ. ‘ಶಿ’ ಗೊತ್ತಾಯ್ತು, ‘ವಾ’ ಗೊತ್ತಾಯ್ತು, ಒಂದು ವರ್ಷದಲ್ಲಿ ಪೇಪರು ಓದಿದೆ. ಒಮ್ಮೆ ಒಂದು ಕಚೇರಿಯಲ್ಲಿ ಅರ್ಜಿ ಕೊಡುವಾಗ ನನ್ನ ಮಾತು ಕೇಳಿ ಮೇಜಿನ ಆಚೆ ಕೂತಿದ್ದವರು, ‘ಇದು ಯಾವ ಕಾಡಿನ ಕನ್ನಡ?’ ಅಂತ ನಕ್ಕರು. ಅವತ್ತಿನಿಂದ ಎರಡು ವರ್ಷ ಆ ಊರಲ್ಲಿ ನಾನು ಬರೀ ತಮಿಳೇ ಮಾತಾಡಿದೆ. ನಮ್ಮ ಮಕ್ಕಳಿಗೂ ಇದೇ ಆಗಬಾರದು. ಈ ಬರಹದ ಹಿಂದೆ ಇರೋದು ಅಷ್ಟೇ.

ಈಗ ವಿಷಯಕ್ಕೆ ಬರೋಣ. ದಂಡು ಪ್ರದೇಶ ಅಂದ್ರೆ ಏನು? 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ಇತ್ತು. ಅಲ್ಲಿ ಚಳಿಜ್ವರ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಕಡೆ ಬೀಡುಬಿಟ್ಟಿತು. ಆಮೇಲೆ ನಡುವೆ ಬಯಲು, ಈ ಕಡೆ ದಂಡು, ಆ ಕಡೆ ಹಳೇ ಪೇಟೆ. ಒಂದೇ ಹೆಸರಿನ ಎರಡು ಊರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ಸು ಕೊಟ್ಟಾಗಲೂ ದಂಡನ್ನು ಮಾತ್ರ ಇಂಗ್ಲಿಷರು ಕೈಬಿಡಲಿಲ್ಲ. 1947ರ ಜುಲೈವರೆಗೂ ಅದು ಅವರ ಕೈಯಲ್ಲೇ ಇತ್ತು. 1949ರಲ್ಲಿ ಎರಡೂ ಸೇರಿ ಒಂದೇ ನಗರಪಾಲಿಕೆ ಆಯಿತು. ಅಂದ್ರೆ ನಾವು ನೋಡಲು ಹೋಗ್ತಿರೋದು ಬರೀ ಚೆಂದದ ಕಟ್ಟಡಗಳನ್ನಲ್ಲ, ನಡುವೆ ಗೆರೆ ಎಳೆದಿದ್ದ ಒಂದು ಊರನ್ನ. ಗೆರೆ ಎಲ್ಲಿತ್ತು ಅಂತ ತೋರಿಸದ ಪ್ರವಾಸದಿಂದ ಏನು ಲಾಭ?

ಚೀಟಿಯಲ್ಲಿ ‘ದೊರೆಗಳ ಬಂಗಲೆಗಳು’ ಅಂತಿದೆ. ಬಂಗಲೆ ಚೆಂದವೇ, ನಾನೂ ನೋಡಿದ್ದೀನಿ. ಮಂಗಳೂರು ಹೆಂಚು, ಎತ್ತರದ ಚಾವಣಿ, ಕಿಟಕಿ ಮೇಲೆ ಮರದ ಪಟ್ಟಿಯ ಚೂಪು ಮುಸುಕು. ಅದಕ್ಕೆ ಅಲ್ಲಿಯವರು ‘ಮಂಕಿ ಟಾಪ್’ ಅಂತಾರೆ. ಬಹಳಷ್ಟನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟಿದ್ದಾರೆ, ಉಳಿದವು ಕಾಂಪೌಂಡಿನ ಒಳಗೆ. ನೋಡೋಕೆ ಸಿಗೋದು ಗೇಟು ಮಾತ್ರ. ಬಸ್ಸಿನ ಗಾಜಿನೊಳಗಿಂದ ಗೇಟು ನೋಡಿ, ‘ದೊರೆಗಳು ಹೇಗೆ ಬಾಳಿದ್ರು ನೋಡಪ್ಪಾ’ ಅಂತ ಮಕ್ಕಳಿಗೆ ಹೇಳಿ ಬರೋದಾ? ಆ ಬಂಗಲೆಯ ಹಿತ್ತಲಲ್ಲಿ ಅಡುಗೆಯವರು, ಬಟ್ಲರು, ಕುದುರೆ ನೋಡ್ಕೊಳ್ಳೋರು, ಆಯಾಗಳು ಬಾಳಿದ್ರು. ಕಲ್ಲು ಕೆತ್ತಿದವರು, ಗಾರೆ ಕಲಸಿದವರು, ದಂಡಿಗೆ ದಿನಸಿ ತಂದುಕೊಟ್ಟ ವ್ಯಾಪಾರಿಗಳು ಇದ್ದರು. ಅವರಲ್ಲಿ ಬಹಳ ಜನ ಮದರಾಸು ಪ್ರಾಂತ್ಯದಿಂದ ಹೋದ ತಮಿಳರು.

ಆರ್ಕಾಟಿನ ಕಡೆಯಿಂದ ಹೋದ ನಾರಾಯಣಸ್ವಾಮಿ ಮೊದಲಿಯಾರರ ಕಥೆಯನ್ನು ನಮ್ಮ ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕು. ಬಡತನದಲ್ಲಿ ಆ ಊರಿಗೆ ಹೋದವರು. ಇವತ್ತು ಹೈಕೋರ್ಟು ಇರುವ ಕೆಂಪು ಕಟ್ಟಡ, ಅಠಾರ ಕಚೇರಿ, 1868ರಲ್ಲಿ ಮುಗಿದಿದ್ದು ಅವರ ಗುತ್ತಿಗೆಯಲ್ಲೇ. ಹದಿನೆಂಟು ಇಲಾಖೆಯ ಕಚೇರಿ ಇದ್ದದ್ದಕ್ಕೆ ಆ ಹೆಸರು. 1873ರಲ್ಲಿ ದಂಡಿನ ಮಕ್ಕಳಿಗಾಗಿ ಶಾಲೆ ತೆರೆದರು, ಅದು ಇವತ್ತಿಗೂ ನಡೀತಿದೆ. ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳೋ ಮುಂಚೆ, ‘ಇದನ್ನ ಕಟ್ಟಿಸಿದ್ದು ಯಾರು, ಕಟ್ಟಿದ್ದು ಯಾರು’ ಅಂತ ಕೇಳೋದನ್ನ ಮಕ್ಕಳು ಕಲೀಬೇಕು.

ಈ ಪ್ರಶ್ನೆ ನಮ್ಮ ಕಣಿವೆಗೆ ಹೊಸದಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪೆನ್ನಿಕ್ವಿಕ್ ದೊರೆಯ ಪಟ ಇದೆ. ಪೊಂಗಲ್ ಹೊತ್ತಿಗೆ ಅವರ ಹುಟ್ಟಿದ ದಿನಕ್ಕೆ ಪೊಂಗಲ್ ಇಟ್ಟು ಪೂಜೆ ಮಾಡ್ತೀವಿ. ಲೋಯರ್ ಕ್ಯಾಂಪಿನಲ್ಲಿ ಮಣಿಮಂಟಪ ಇದೆ. ಸರಿಯೇ, ಅವರ ನೀರು ಕುಡಿದು ಬೆಳೆದವರು ನಾವು. 1887ರಲ್ಲಿ ಶುರುವಾಗಿ 1895ರ ಅಕ್ಟೋಬರಿನಲ್ಲಿ ತೆರೆದ ಮುಲ್ಲೈಪೆರಿಯಾರ್ ಅಣೆ ಪೂರಾ ವಿಕ್ಟೋರಿಯ ಕಾಲದ ಕೆಲಸ. ಅದಕ್ಕೆ ಸುಣ್ಣ ಸುರ್ಕಿ ಹೊತ್ತವರು, ಕಾಡಿನ ಜ್ವರಕ್ಕೆ ಸತ್ತವರು ಎಷ್ಟೋ ಜನ. ಅವರ ಸಮಾಧಿ ಅಣೆ ಪಕ್ಕದ ಕಾಡಿನಲ್ಲೇ ಇದೆ. ಅವರ ಪಟ ಯಾರ ಮನೆಯಲ್ಲಿದೆ? ಎಂಜಿನಿಯರನ್ನು ನೆನೆಯೋದು ಧರ್ಮ, ಹೊತ್ತವರನ್ನು ಮರೆಯೋದು ಅಧರ್ಮ. ನಮ್ಮ ಅಣೆ ವಿಚಾರದಲ್ಲಿ ನಾವು ಮಾಡಿದ ತಪ್ಪನ್ನೇ ಬೆಂಗಳೂರಿಗೆ ಹೋಗಿ ಇನ್ನೊಂದು ಸಲ ಮಾಡಬೇಕಾ?

ಇನ್ನು ಕೆಲವರು ‘ವಿಕ್ಟೋರಿಯ ಕಾಲ’ ಅಂದ ಕೂಡಲೇ ಒಳ್ಳೇ ಕಾಲ ಅನ್ನೋ ಹಾಗೆ ಮಾತಾಡ್ತಾರೆ. ನಮ್ಮ ಅಜ್ಜಿ ‘ತಾತು ವರ್ಷದ ಪಂಜ’ ಅಂತ ತನ್ನ ಅಜ್ಜಿ ಹೇಳಿದ್ದನ್ನ ನಮಗೆ ಹೇಳೋಳು. ಅದು 1876ರಿಂದ 1878ರ ಧಾತು ಸಂವತ್ಸರದ ಬರ. ಮದರಾಸು ಪ್ರಾಂತ್ಯ, ಮೈಸೂರು ಸೀಮೆ ಎರಡೂ ಕಡೆ ಲಕ್ಷ ಲಕ್ಷ ಜನ ಹಸಿವಿಂದ ಸತ್ತರು. ಅದೇ ಬರದ ನಡುವೆ, 1877ರ ಜನವರಿ 1ರಂದು, ದಿಲ್ಲಿಯಲ್ಲಿ ದರ್ಬಾರು ಕಟ್ಟಿ ವಿಕ್ಟೋರಿಯಾಳನ್ನ ಭಾರತದ ಚಕ್ರವರ್ತಿನಿ ಅಂತ ಸಾರಿದರು. ಕಬ್ಬನ್ ಪಾರ್ಕಿನ ಅಂಚಿನಲ್ಲಿ ಅವಳ ಕಲ್ಲಿನ ಪ್ರತಿಮೆ ಇದೆ, 1906ರಲ್ಲಿ ನಿಲ್ಲಿಸಿದ್ದು. ಅದರ ಎದುರು ನಿಂತಾಗ ಮೇಷ್ಟ್ರು ಈ ಬರದ ಕಥೆಯನ್ನ ಹೇಳಬೇಕು. ಬೈಯೋದು ಬೇಡ, ಕೈಮುಗಿಯೋದೂ ಬೇಡ. ನಡೆದದ್ದನ್ನ ನಡೆದ ಹಾಗೆ ಹೇಳಲಿ.

ಈಗ ನನ್ನ ಯೋಜನೆ ಹೇಳ್ತೀನಿ. ಬೈಯೋದು ಸುಲಭ, ಬೇರೆ ದಾರಿ ತೋರಿಸದೆ ಬೈದರೆ ಮರ್ಯಾದೆ ಅಲ್ಲ.

ಮೊದಲು ಏಸಿ ಬಸ್ಸು ಬಿಡಿ. ದಿಂಡಿಗಲ್ಲಿಗೆ ಹೋಗಿ ರಾತ್ರಿ ತೂತ್ತುಕ್ಕುಡಿ–ಮೈಸೂರು ರೈಲು ಹತ್ತಿದರೆ ಬೆಳಗಾಗೋ ಹೊತ್ತಿಗೆ ಬೆಂಗಳೂರು. ಉಳಿದ ದುಡ್ಡಲ್ಲಿ ಒಂದು ದಿನದ ಬದಲು ಎರಡು ದಿನ ಇರಬಹುದು. ಒಂದು ಛತ್ರ ನೋಡ್ಕೊಂಡು ಉಳ್ಕೊಂಡರೆ ಸಾಕು. ಹನ್ನೊಂದು ಜಾಗ ಬೇಡ. ದಿನಕ್ಕೆ ಮೂರು ನಾಲ್ಕು ಸಾಕು, ನಡೆದುಕೊಂಡೇ. ಮಾಲು ಮಧುರೈಯಲ್ಲೂ ಇದೆ.

ಮೊದಲ ದಿನ ಶಿವಾಜಿನಗರದಿಂದ ಶುರು ಮಾಡಿ. ಅದಕ್ಕೆ ಹಿಂದೆ ಬ್ಲ್ಯಾಕ್‌ಪಲ್ಲಿ ಅಂತಿದ್ದರು. ಸೇಂಟ್ ಮೇರಿ ಚರ್ಚಿನ ಗೋಪುರ ನೋಡಿ, 1882ರಲ್ಲಿ ಮುಗಿದ ಕಟ್ಟಡ. ಸೆಪ್ಟೆಂಬರಿನ ಜಾತ್ರೆಗೆ ಕಾವಿ ಸೀರೆ ಉಟ್ಟು, ಯಾವ ಜಾತಿ ಮತ ಅಂತ ನೋಡದೆ ಜನ ಬರ್ತಾರೆ. ಪಕ್ಕದ ರಸೆಲ್ ಮಾರುಕಟ್ಟೆ 1927ರದ್ದು, ಅದು ವಿಕ್ಟೋರಿಯ ಕಾಲದ್ದಲ್ಲ ಅಂತ ಮಕ್ಕಳಿಗೆ ಹೇಳಿಬಿಡಿ. ಹಳೇದೆಲ್ಲ ಒಂದೇ ಕಾಲದ್ದು ಅಂದುಕೊಳ್ಳೋದು ಒಂದು ಕೆಟ್ಟ ಅಭ್ಯಾಸ. ಆ ಬೀದಿಗಳಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ಕಿವಿ ಕೊಡಿ. ತಮಿಳು, ಉರ್ದು, ಕನ್ನಡ ಮೂರೂ ಒಂದೇ ತಕ್ಕಡಿ ಮುಂದೆ ಓಡಾಡ್ತವೆ.

ಅಲ್ಲೇ ನನ್ನ ಬದುಕು ತಿರುಗಿದ್ದು. ನಾನು ಬಾಯಿ ಮುಚ್ಚಿಕೊಂಡಿದ್ದ ಆ ಎರಡು ವರ್ಷದ ಕೊನೆಗೆ, ಹಲಸೂರಿನಲ್ಲಿ ನಾನು ಬಾಡಿಗೆಗೆ ಇದ್ದ ಮನೆಯ ಪಾಟಿ ಒಂದು ದಿನ ಕೇಳಿದಳು, ‘ಮನೆಯಲ್ಲಿ ನೀವೇನಪ್ಪಾ ಮಾತಾಡೋದು?’ ಕನ್ನಡ ಅಂದೆ. ಮಧುರೈ ಸೀಮೆಯಲ್ಲಿ ಕನ್ನಡವಾ ಅಂತ ಬಿದ್ದು ಬಿದ್ದು ನಕ್ಕಳು. ಆಮೇಲೆ ಅಂದಳು, ‘ನಮ್ಮ ತಾತನ ಕಾಲದಿಂದ ಇದೇ ಬೀದಿ. ಮನೆ ಒಳಗೆ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ನೀನು ನನ್ನ ಕನ್ನಡೀಲಿ ಕಾಣ್ತೀಯ.’ ಕಚೇರಿಯವನ ನಗುವೂ ನಗುವೇ, ಈ ಪಾಟಿಯ ನಗುವೂ ನಗುವೇ. ಆದರೆ ಒಂದು ನನ್ನ ಬಾಯಿ ಮುಚ್ಚಿಸಿತು, ಇನ್ನೊಂದು ತೆರೆಸಿತು. ಮಾರನೇ ದಿನ ಅಂಗಡಿಯಲ್ಲಿ ನಾನು ನಮ್ಮ ಕೊಂಬೈ ಕನ್ನಡದಲ್ಲೇ ಗಿರಾಕಿಯನ್ನ ಮಾತಾಡಿಸಿದೆ. ಯಾರೂ ಸಾಯಲಿಲ್ಲ. ಎರಡು ಭಾಷೆಯ ಮನೆ ನಮ್ಮದೊಂದೇ ಅಲ್ಲ, ಅದು ನಾಚಿಕೆಯ ಸಂಗತಿಯೂ ಅಲ್ಲ ಅಂತ ನಮ್ಮ ಮಕ್ಕಳು ಆ ಬೀದಿಗಳಲ್ಲಿ ಕಣ್ಣಾರೆ ನೋಡಬೇಕು. ದೊರೆ ಬಂಗಲೆಯ ಗೇಟು ಈ ಪಾಠ ಹೇಳೋದಿಲ್ಲ.

ಅಲ್ಲಿಂದ ಕಬ್ಬನ್ ಪಾರ್ಕಿನ ಕಡೆ ನಡೆದು ಬನ್ನಿ. ಅದು 1870ರ ಉದ್ಯಾನ. ಒಂದು ಕಡೆ ದಂಡು, ಒಂದು ಕಡೆ ಪೇಟೆ, ನಾನು ಹೇಳಿದ ಗೆರೆ ಇದೇ. ಅದರ ಮಗ್ಗುಲಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. 1865ರಲ್ಲಿ ಶುರುವಾದದ್ದು, ಕೆಂಪು ಕಟ್ಟಡ 1877ರದ್ದು. ಚೀಟಿಯ ಹನ್ನೊಂದು ಜಾಗದಲ್ಲಿ ಇದರ ಹೆಸರೇ ಇಲ್ಲ! ಕೊಂಬೈ ಜನ ಬೆಂಗಳೂರಿನಲ್ಲಿ ಒಂದೇ ಒಂದು ಜಾಗ ನೋಡೋದಾದರೆ ಅದು ಇದೇ ಅಂತ ನಾನು ಹೇಳ್ತೀನಿ. ಯಾಕೆ ಗೊತ್ತಾ?

ಅಲ್ಲಿ ಆತಕೂರಿನ ಕಲ್ಲು ಇದೆ. ಮಂಡ್ಯದ ಕಡೆಯ ಊರು ಆತಕೂರು, ಸುಮಾರು 950ನೇ ಇಸವಿಯ ಕನ್ನಡ ಶಾಸನ. ತಕ್ಕೋಲದಲ್ಲಿ, ಅಂದ್ರೆ ನಮ್ಮ ತಮಿಳುನಾಡಿನಲ್ಲೇ, ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧ ಆಯಿತು. ರಾಷ್ಟ್ರಕೂಟರ ಕಡೆ ಇದ್ದ ಗಂಗ ದೊರೆ ಬೂತುಗ, ತನ್ನ ವೀರ ಮಣಲೆರನ ಪರಾಕ್ರಮ ಮೆಚ್ಚಿ ಏನು ಬೇಕು ಕೇಳು ಅಂದ. ಮಣಲೆರ ಕೇಳಿದ್ದು ಒಂದು ನಾಯಿ! ಕಾಳಿ ಅಂತ ಅದರ ಹೆಸರು. ಆ ಕಾಳಿ ದೊಡ್ಡ ಕಾಡುಹಂದಿ ಮೇಲೆ ಬಿದ್ದು, ಹಂದಿಯೂ ಸತ್ತು ನಾಯಿಯೂ ಸತ್ತಿತು. ಆ ನಾಯಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿ ಕಾದಾಡೋ ಚಿತ್ರ ಇದೆ.

ಕೊಂಬೈ ನಾಯಿ ಅಂದ್ರೆ ದೇಶಕ್ಕೇ ಗೊತ್ತು. ಕೆಂಗಂದು ಮೈ, ಕಪ್ಪು ಮೂತಿ, ಹಂದಿಗೆ ಹೆದರದ ಜಾತಿ. ನಮ್ಮ ಹಿರಿಯರು ಕನ್ನಡ ಸೀಮೆಯಿಂದ ಬಂದಾಗ ನಾಯಿ ಜೊತೆಗೆ ತಂದರು ಅಂತ ಮುದುಕರು ಹೇಳ್ತಾರೆ. ಅದಕ್ಕೆ ಬರಹದ ಸಾಕ್ಷಿ ನನ್ನ ಕೈಯಲ್ಲಿಲ್ಲ, ಹಾಗಾಗಿ ಕಾಳಿಯ ವಂಶ ನಮ್ಮದು ಅಂತ ನಾನು ಕೊಚ್ಚಿಕೊಳ್ಳೋದಿಲ್ಲ. ಆದರೆ ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಬೇಟೆನಾಯಿಯೊಂದಕ್ಕೆ ಕಲ್ಲು ಬರೆಸಿದ್ದಾರೆ ಅಂದ್ರೆ, ಆ ಕಲ್ಲಿನ ಮುಂದೆ ಕೊಂಬೈ ಮಗು ನಿಲ್ಲದೆ ಇನ್ಯಾರು ನಿಲ್ಲಬೇಕು? ನಿಂತು ಏನು ಮಾಡುತ್ತೆ? ಅಕ್ಷರ ಬಾರದ ಮಗು ಚಿತ್ರ ನೋಡುತ್ತೆ, ಪಕ್ಕದ ಫಲಕ ಓದಲಾರದೆ ಮುಂದಕ್ಕೆ ಹೋಗುತ್ತೆ. ಕಲ್ಲಿನ ಹಳೇ ಲಿಪಿ ಬೆಂಗಳೂರಿನವರಿಗೂ ಓದೋಕೆ ಬರೋದಿಲ್ಲ, ಅದು ಬೇರೆ ಮಾತು. ಆದರೆ ‘ಕಾಳಿ’ ಅನ್ನೋ ಎರಡಕ್ಷರವನ್ನ ಇವತ್ತಿನ ಕನ್ನಡದಲ್ಲಾದರೂ ನಮ್ಮ ಮಗು ಓದಬೇಕಾ ಬೇಡವಾ?

ಎರಡನೇ ದಿನ ಗೆರೆಯ ಆಚೆ. ಅಠಾರ ಕಚೇರಿ ಹೊರಗಿನಿಂದ ನೋಡಿ, ಪೇಟೆ ಕಡೆ ನಡೆದು, ವಿಕ್ಟೋರಿಯಾ ಆಸ್ಪತ್ರೆ ದಾಟಿ ಚಾಮರಾಜಪೇಟೆಗೆ ಹೋಗಿ. ಆಸ್ಪತ್ರೆ ತೆರೆದದ್ದು 1900ರಲ್ಲಿ, ಇವತ್ತಿಗೂ ಬಡವರೇ ಅಲ್ಲಿ ತುಂಬಿರ್ತಾರೆ. ಚಾಮರಾಜಪೇಟೆ 1892ರಲ್ಲಿ ನಕ್ಷೆ ಹಾಕಿ ಮಾಡಿದ ಬಡಾವಣೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತ ಮೇಲೆ ಬಸವನಗುಡಿ, ಮಲ್ಲೇಶ್ವರ ಎದ್ದವು. ಅಗಲ ರಸ್ತೆ, ಮನೆ ಸುತ್ತ ಗಾಳಿ ಬೆಳಕು. ಆದರೆ ಅಲ್ಲೂ ಹಿತ್ತಲು ನೋಡಿ. ಎರಡು ಸಾಲು ಮನೆಗಳ ಬೆನ್ನಿಗೆ ಸಣ್ಣ ಗಲ್ಲಿ ಇರುತ್ತೆ, ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವವರು ಮುಂಬಾಗಿಲಿಗೆ ಬರಬಾರದು ಅಂತ ಬಿಟ್ಟ ದಾರಿ. ಅಂದಚೆಂದದ ನಕ್ಷೆಯಲ್ಲೇ ಅದನ್ನ ಬರೆದಿಟ್ಟಿದ್ದರು. ಮಗು ಅದನ್ನ ನೋಡಿ ಊರಿಗೆ ಬಂದು, ‘ನಮ್ಮ ಕೊಂಬೈಯಲ್ಲಿ ಆ ಗಲ್ಲಿ ಯಾವುದು?’ ಅಂತ ಕೇಳಿದರೆ ನಮಗೆ ಮುಜುಗರ ಆಗಬಹುದು. ಆಗಲಿ. ಪ್ರವಾಸ ಮಾಡಿದ್ದಕ್ಕೆ ಅದೇ ಲಾಭ.

ಕೊನೆಗೆ ಚಾಮರಾಜಪೇಟೆಯಲ್ಲೇ ಕನ್ನಡ ಸಾಹಿತ್ಯ ಪರಿಷತ್ತಿಗೆ ಹೋಗಿ. 1915ರಲ್ಲಿ ಹುಟ್ಟಿದ ಸಂಸ್ಥೆ. ಅಲ್ಲಿ ಪುಸ್ತಕ ಮಾರ್ತಾರೆ. ಮಾಲಿನಲ್ಲಿ ಐಸ್‌ಕ್ರೀಮಿಗೆ ಕೊಡೋ ದುಡ್ಡಲ್ಲಿ ಮಗುವಿಗೆ ಒಂದು ಪುಸ್ತಕ ಬರುತ್ತೆ.

ಮೂರು ಆಕ್ಷೇಪಣೆ ಬರುತ್ತೆ ಅಂತ ಗೊತ್ತು. ಒಂದು, ‘ಮಕ್ಕಳು ಖುಷಿ ಪಡೋಕೆ ಬರ್ತಾರೆ, ಪಾಠ ಕೇಳೋಕಲ್ಲ.’ ನಾಯಿ ಹಂದಿ ಕಾದಾಡಿದ ಕಥೆಗಿಂತ ಮಾಲು ಖುಷಿ ಅನ್ನೋರು ಮಕ್ಕಳನ್ನ ಕೇಳಿಲ್ಲ, ತಮ್ಮನ್ನೇ ಕೇಳಿಕೊಂಡಿದ್ದಾರೆ.

ಎರಡು, ‘ಅಷ್ಟು ನಡೆಯೋಕೆ ಆಗಲ್ಲ.’ ಏಲಕ್ಕಿ ತೋಟಕ್ಕೆ ಬೆಟ್ಟ ಹತ್ತಿ ಹೋಗೋರ ಮಕ್ಕಳಿಗೆ ಬೆಂಗಳೂರಿನ ಸಪಾಟು ರಸ್ತೆ ದೂರವಾ? ಆಗದ ಹಿರಿಯರಿಗೆ ಆಟೊ ಮಾಡೋಣ, ಬಸ್ಸು ಬಿಟ್ಟಿದ್ದರಿಂದ ಉಳಿದ ದುಡ್ಡು ಇದ್ದೇ ಇದೆ.

ಮೂರನೆಯದು ಚೀಟಿಯ ಕೊನೇ ಸಾಲು. ಹೆಣ್ಣುಮಕ್ಕಳ ವಿಚಾರ ಆಮೇಲೆ ಅಂದ್ರೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ರಾತ್ರಿ ಪ್ರಯಾಣ, ಕಕ್ಕಸಿನ ತೊಂದರೆ, ಊರವರು ಏನಂತಾರೆ. ಮನೆಯಲ್ಲಿ ಮಗುವಿಗೆ ಕನ್ನಡ ಮಾತು ಕಲಿಸಿದ್ದು ಯಾರು? ಅಮ್ಮ, ಅಜ್ಜಿ. ನಮ್ಮ ಭಾಷೆ ಇಷ್ಟು ಕಾಲ ಉಳಿದದ್ದು ಗಂಡಸರಿಂದಲ್ಲ, ನಾವು ಹೊರಗೆ ತಮಿಳು ಮಾತಾಡಿಕೊಂಡು ತಿರುಗಿದವರು. ಉಳಿಸಿದವರನ್ನ ಮನೆಯಲ್ಲಿ ಬಿಟ್ಟು ನಾವು ನೋಡಿ ಬರೋದು ಎಂಥ ನ್ಯಾಯ? ನಾಲ್ಕು ಜನ ಅಕ್ಕಂದಿರು, ಇಬ್ಬರು ಟೀಚರಮ್ಮಂದಿರು ಜೊತೆಗೆ ಬರಲಿ. ಎಲ್ಲೆಲ್ಲಿ ನಿಲ್ಲಬೇಕು, ಎಲ್ಲಿ ಕಕ್ಕಸು ಇದೆ ಅಂತ ಮೊದಲೇ ಇಬ್ಬರು ಹೋಗಿ ನೋಡಿ ಬರೋಣ. ಹೆಣ್ಣುಮಕ್ಕಳಿಗೆ ಜಾಗ ಇಲ್ಲದ ಪ್ರವಾಸಕ್ಕೆ ನಾನು ಒಂದು ಪೈಸೆ ಕೊಡೋದಿಲ್ಲ.

ಇನ್ನು ಮೇಷ್ಟ್ರುಗಳಲ್ಲಿ ಒಂದು ಮಾತು. ಪ್ರವಾಸವನ್ನ ಮೂರು ತಿಂಗಳು ಮುಂದಕ್ಕೆ ಹಾಕಿ. ಆ ಮೂರು ತಿಂಗಳು ದಿನಾ ಸಂಜೆ ಒಂದು ಗಂಟೆ ವಾಚನಾಲಯದಲ್ಲಿ ಕನ್ನಡ ಅಕ್ಷರ ಹೇಳಿಕೊಡೋಣ. ಮನೆಮಾತು ಯಾವುದಾದರೂ ಆಗಲಿ, ಬಂದವರಿಗೆಲ್ಲ. ನಾನು ಬರ್ತೀನಿ, ಸಂಬಳ ಬೇಡ, ಕರಿಹಲಗೆ ಸುಣ್ಣದಕಡ್ಡಿ ಸಾಕು. ಬೋರ್ಡು ನೋಡಿ ನಾನು ಕಲಿತೆ ಅಂದ್ರೆ ಕಲಿಸುವವರಿದ್ದಾಗ ಮಕ್ಕಳು ಕಲಿಯೋಲ್ವಾ? ಕಲಿಯೋಕೆ ಆಗದ ಮಗುವನ್ನ ಬಿಟ್ಟು ಹೋಗಬೇಕು ಅಂತ ಅಲ್ಲ, ಅದಕ್ಕೆ ಪಕ್ಕದ ಮಗು ಓದಿ ಹೇಳುತ್ತೆ.

ಸೋಮವಾರ ಮಾತ್ರ ಹೋಗಬೇಡಿ, ವಸ್ತುಸಂಗ್ರಹಾಲಯಕ್ಕೆ ಅವತ್ತು ರಜ. ಬೇರೆ ದಿನವಾದರೂ ಹೊರಡೋ ಮುಂಚೆ ತೆರೆದಿದೆಯಾ ಅಂತ ಫೋನು ಮಾಡಿ ಕೇಳಿ. ಅಷ್ಟು ದೂರ ಹೋಗಿ ಕಾಳಿಯನ್ನ ನೋಡದೆ ಬಂದರೆ ನಾನು ಕ್ಷಮಿಸೋದಿಲ್ಲ.

ಬರುವ ಭಾನುವಾರ ಸಭೆ ಇದೆಯಂತೆ. ಬಾಗಿಲ ಚೀಟಿಯನ್ನ ನಾನು ಕಿತ್ತಿಲ್ಲ, ಕೀಳೋದೂ ಇಲ್ಲ. ಅದರ ಪಕ್ಕಕ್ಕೆ ಇನ್ನೊಂದು ಅಂಟಿಸಿದ್ದೀನಿ. ಮೇಲೆ ತಮಿಳಿನಲ್ಲಿ, ಕೆಳಗೆ ಕನ್ನಡದಲ್ಲಿ, ಎರಡು ದಿನದ ಯೋಜನೆ, ಖರ್ಚಿನ ಲೆಕ್ಕ, ಅಕ್ಷರದ ಪಾಠದ ಸಮಯ. ಎರಡನ್ನೂ ಓದಿ ಸಭೆಗೆ ಬನ್ನಿ. ಕೆಳಗಿನದು ಓದಲಾರದವರು ಪಾಠಕ್ಕೆ ಮೊದಲು ಹೆಸರು ಕೊಡಿ.